ವಾಡಿಯ ಹೊಗೆ, ತೊಂಡೇಬಾವಿಯ ಚೀಲ

ಪ್ರಶ್ನೆ: ವರ್ಷಾ ವರ್ಷ ನವೆಂಬರ್ ಬಂತೆಂದರೆ ದೇಶದೇಶಗಳ ಮುಖಂಡರು ಯಾವುದೋ ಊರಲ್ಲಿ ಸೇರುತ್ತಾರೆ, ಭೂಮಿ ಬಿಸಿಯಾಗುತ್ತಿದೆ ಎಂದು ಮಾತಾಡಿ ಎದ್ದು ಹೋಗುತ್ತಾರೆ. ಮೂವತ್ತು ವರ್ಷದಿಂದ ಇದೇ ನಡೆದಿದೆ, ಬಿಸಿ ಏರುತ್ತಲೇ ಇದೆ. ಇವರ ಒಪ್ಪಂದಗಳಿಂದ ನಮ್ಮಂಥ ಊರಿಗೆ ಏನಾದರೂ ಬಂದದ್ದುಂಟೇ? ನಮ್ಮೂರಲ್ಲೇ ಸಿಮೆಂಟ್ ಕಾರ್ಖಾನೆ ಇದೆ. ಅದರ ಇಂಗಾಲ ಯಾರ ಲೆಕ್ಕಕ್ಕೆ ಹೋಗುತ್ತದೆ?
— ಓದುಗರೊಬ್ಬರು, ತೊಂಡೇಬಾವಿ, ಗೌರಿಬಿದನೂರು ತಾಲ್ಲೂಕು

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ. ಅದು ಬಿಡಿಸಿಕೊಂಡರೆ ಮಿಕ್ಕದ್ದು ಅರ್ಧ ಸಲೀಸು.

ತೊಂಡೇಬಾವಿಯ ಎಸಿಸಿ ಕಾರ್ಖಾನೆಯಲ್ಲಿ ಸುಣ್ಣದ ಕಲ್ಲು ಸುಡುವುದಿಲ್ಲ. ಅದು ಅರೆಯುವ ಘಟಕ. ವರ್ಷಕ್ಕೆ 16 ಲಕ್ಷ ಟನ್ ಸಾಮರ್ಥ್ಯದ್ದೆಂದು ಕಟ್ಟಿದ್ದು. ಕಲಬುರಗಿ ಜಿಲ್ಲೆಯ ವಾಡಿಯಲ್ಲಿ ಕಂಪನಿ 2010ರ ಆಸುಪಾಸಿನಲ್ಲಿ ಭಾರೀ ಗೂಡೊಂದನ್ನು ಹಾಕಿತು. ಅಲ್ಲಿ ಬೆಂದು ಬರುವ ಕ್ಲಿಂಕರನ್ನು ಅರೆಯುವುದಕ್ಕೆಂದೇ ಎರಡು ಕಡೆ ಗಿರಣಿ ಮಾಡಿಕೊಂಡಿತು. ಒಂದು ಬಳ್ಳಾರಿ ಸೀಮೆಯ ಕುಡತಿನಿ, ಇನ್ನೊಂದು ನಿಮ್ಮೂರು. ಕುಡತಿನಿಗೆ ಸಿಮೆಂಟಿಗೆ ಬೆರೆಸಲು ಪಕ್ಕದ ತೋರಣಗಲ್ಲಿನ ಉಕ್ಕಿನ ಕಿಟ್ಟ ಸಿಗುತ್ತದೆ. ತೊಂಡೇಬಾವಿಗೆ ಯಲಹಂಕ–ಹಿಂದೂಪುರ ರೈಲು ಹಳಿ ಪಕ್ಕದಲ್ಲೇ ಇದೆ, ಬೆಂಗಳೂರಿನ ಕಟ್ಟಡಗಳು ಕೂಗಳತೆಯಲ್ಲಿವೆ. ಸಿಮೆಂಟನ್ನು ಚೀಲದಲ್ಲಿ ದೂರ ಹೊರುವುದಕ್ಕಿಂತ ಕ್ಲಿಂಕರನ್ನು ವ್ಯಾಗನ್ನಿನಲ್ಲಿ ತಂದು, ಗಿರಾಕಿಯ ಬಾಗಿಲಲ್ಲಿ ಅರೆದು ಕೊಡುವುದು ಅಗ್ಗ. ಲೆಕ್ಕಾಚಾರ ಅಷ್ಟೇ.

ಕ್ಲಿಂಕರ್ ಅಂದರೆ ಏನೆಂದು ನಿಮ್ಮೂರಿನವರಿಗೆ ನಾನು ಹೇಳಬೇಕಿಲ್ಲ. ಬೂದುಗಪ್ಪು ಬಣ್ಣದ ಗಟ್ಟಿ ಉಂಡೆ, ಗೋಲಿಯಷ್ಟು ಸಣ್ಣದರಿಂದ ನಿಂಬೆಕಾಯಿಯಷ್ಟು ದಪ್ಪದವರೆಗೆ. ಅದು ವಾಡಿಯಲ್ಲಿ ಹುಟ್ಟುವಾಗ ಆಗುವುದನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಜಗತ್ತಿನ ಹವಾಮಾನ ಜಗಳದ ಒಂದು ದೊಡ್ಡ ತುಣುಕು ಅಲ್ಲೇ ಇದೆ. ವಾಡಿ, ಶಹಾಬಾದ್, ಸೇಡಂ ಕಡೆಯ ನೆಲವೆಲ್ಲ ಸುಣ್ಣದ ಕಲ್ಲು. ನಮ್ಮ ಹಳೆಯ ಮನೆಗಳ ನಡುಮನೆಗೆ ಹಾಸಿದ ಶಹಾಬಾದ್ ಚಪ್ಪಡಿಯೂ ಅದರ ಬಳಗದ್ದೇ. ಕೋಟ್ಯಂತರ ವರ್ಷಗಳ ಹಿಂದೆ ಅಲ್ಲಿ ಕಡಲಿತ್ತು. ಗಾಳಿಯಿಂದ ನೀರಿಗಿಳಿದ ಇಂಗಾಲ ಸುಣ್ಣದ ಜೊತೆ ಸೇರಿ ತಳಕ್ಕೆ ಕೂತು ಕಲ್ಲಾಯಿತು. ಈಗ ಆ ಕಲ್ಲನ್ನು ಒಡೆದು, ಜೇಡಿಯ ಜೊತೆ ಪುಡಿ ಮಾಡಿ, ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುತ್ತಾರೆ. ಕಲ್ಲು ಬಿರಿದು, ಹಿಡಿದಿಟ್ಟುಕೊಂಡಿದ್ದ ಇಂಗಾಲದ ಡೈಆಕ್ಸೈಡನ್ನು ಬಿಟ್ಟುಬಿಡುತ್ತದೆ. ಶುದ್ಧ ಸುಣ್ಣದ ಕಲ್ಲಾದರೆ ಟನ್ನಿಗೆ 440 ಕಿಲೋ. ಅರ್ಧಕ್ಕೆ ತುಸು ಕಡಿಮೆ ಕಲ್ಲು ಆಕಾಶಕ್ಕೆ ಹೋಯಿತೆಂದೇ ಅರ್ಥ.

ಇಲ್ಲಿ ಒಂದು ಸೂಕ್ಷ್ಮ ಇದೆ. ಈ ಹೊಗೆ ಕಲ್ಲಿದ್ದಲಿನದ್ದಲ್ಲ. ಗೂಡಿಗೆ ನಾಳೆ ಸೂರ್ಯನ ಶಾಖವನ್ನೇ ಕೊಟ್ಟರೂ ಕಲ್ಲಿನೊಳಗಿನ ಇಂಗಾಲ ಹೊರಗೆ ಬಂದೇ ಬರುತ್ತದೆ. ಸಿಮೆಂಟಿನ ಒಟ್ಟು ಇಂಗಾಲದಲ್ಲಿ ಇದರ ಪಾಲು ಶೇ 60ರ ಹತ್ತಿರ, ಉಳಿದದ್ದು ಉರಿಯದು, ವಿದ್ಯುತ್ತಿನದು. ಜಗತ್ತು ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸಿಮೆಂಟಿನದೇ ಶೇ 7ರಿಂದ 8. ಹಾಗಾಗಿಯೇ ಬಸ್ಸಿಗೆ ಬ್ಯಾಟರಿ ಹಾಕಿದಷ್ಟು, ಮನೆಯ ಮೇಲೆ ಸೋಲಾರ್ ಹಾಕಿದಷ್ಟು ಸುಲಭಕ್ಕೆ ಸಿಮೆಂಟ್ ಬಗ್ಗುವುದಿಲ್ಲ.

ಈಗ ಲೆಕ್ಕ. ಒಂದು ಟನ್ ಕ್ಲಿಂಕರಿಗೆ 800 ಕಿಲೋಗೂ ಮೇಲೆ ಇಂಗಾಲದ ಡೈಆಕ್ಸೈಡ್. 50 ಕಿಲೋ ಚೀಲದಲ್ಲಿ ಬೂದಿ ಬೆರೆಸದ ಒಪಿಸಿ (ಸಾಧಾರಣ ಪೋರ್ಟ್‌ಲ್ಯಾಂಡ್) ಸಿಮೆಂಟ್ ಇದ್ದರೆ ಅದರ ಬೆನ್ನಿಗೆ ಸುಮಾರು 40 ಕಿಲೋ ಹೊಗೆ ಅಂಟಿಕೊಂಡಿರುತ್ತದೆ. ಆ ಹೊಗೆ ಎದ್ದದ್ದು ವಾಡಿಯಲ್ಲಿ, ಚೀಲ ಕಟ್ಟಿದ್ದು ತೊಂಡೇಬಾವಿಯಲ್ಲಿ, ಗೋಡೆ ಎದ್ದದ್ದು ಯಲಹಂಕದಲ್ಲೋ ಹೆಬ್ಬಾಳದಲ್ಲೋ. ದೇಶದ ಒಳಗೆ ಮೂರೂ ಒಂದೇ ಖಾತೆ, ಭಾರತದ್ದು. ಅಂತಾರಾಷ್ಟ್ರೀಯ ಒಪ್ಪಂದದಲ್ಲಿ ನಿಯಮ ಸರಳ: ಹೊಗೆ ಯಾವ ನೆಲದಲ್ಲಿ ಎದ್ದಿತೋ ಆ ದೇಶದ ಹೆಸರಿಗೆ. ಬಳಸಿದವರ ಹೆಸರಿಗಲ್ಲ. ಚೀನಾದಲ್ಲಿ ಮಾಡಿದ ಫೋನು ಜರ್ಮನಿಯಲ್ಲಿ ಮಾತಾಡಿದರೂ ಹೊಗೆ ಚೀನಾದ್ದು. ಇದು ನ್ಯಾಯವೇ ಎಂದು ಕೇಳಿದರೆ, ಅಲ್ಲ ಎನ್ನುವವರ ಕಡೆಗೆ ನಾನು. ಆದರೆ ಎಲ್ಲ ದೇಶಗಳೂ ಒಪ್ಪಿ ಬರೆಯಬಲ್ಲ ಲೆಕ್ಕ ಸದ್ಯಕ್ಕೆ ಇದೊಂದೇ.

ಭಾರತ ಈ ಲೆಕ್ಕವನ್ನು ವಿಶ್ವಸಂಸ್ಥೆಗೆ ಒಪ್ಪಿಸುತ್ತದೆ. 2024ರ ಡಿಸೆಂಬರ್ ಕೊನೆಯಲ್ಲಿ ಕೊಟ್ಟ ವರದಿಯಲ್ಲಿ 2020ನೇ ಇಸವಿಯ ಲೆಕ್ಕವಿದೆ. ಹಸಿರುಮನೆ ಅನಿಲಗಳಲ್ಲಿ ಮುಕ್ಕಾಲು ಪಾಲು ಇಂಧನ ಮತ್ತು ವಿದ್ಯುತ್ತಿನದು, ಬೇಸಾಯ ಮತ್ತು ಜಾನುವಾರುಗಳದು ಶೇ 14ರ ಹತ್ತಿರ, ಕಾರ್ಖಾನೆಗಳ ರಾಸಾಯನಿಕ ಕ್ರಿಯೆಯದು ಶೇ 8. ವಾಡಿಯ ಕಲ್ಲಿನ ಉಸಿರು ಈ ಎಂಟರಲ್ಲಿ ಸೇರಿದೆ.

ಇನ್ನು ಸಮ್ಮೇಳನಗಳ ಮಾತು. 1992ರಲ್ಲಿ ರಿಯೋ ಡಿ ಜನೈರೋದಲ್ಲಿ ಒಪ್ಪಂದದ ಚೌಕಟ್ಟು ಆಯಿತು. 1997ರಲ್ಲಿ ಕ್ಯೋಟೊದಲ್ಲಿ ಶ್ರೀಮಂತ ದೇಶಗಳಿಗೆ ಮಾತ್ರ ಕಡಿತದ ಕಟ್ಟುಪಾಡು ಬಂತು. 2015ರಲ್ಲಿ ಪ್ಯಾರಿಸ್‌ನಲ್ಲಿ ಎಲ್ಲರೂ ತಮ್ಮ ತಮ್ಮ ಗುರಿ ತಾವೇ ಬರೆದುಕೊಂಡು ಬರುವುದೆಂದಾಯಿತು. ಭಾರತ 2022ರಲ್ಲಿ ಪರಿಷ್ಕರಿಸಿ ಬರೆದುಕೊಂಡದ್ದು: 2030ಕ್ಕೆ, 2005ಕ್ಕೆ ಹೋಲಿಸಿದರೆ ಜಿಡಿಪಿಯ ಪ್ರತಿ ರೂಪಾಯಿಗೆ ಏಳುವ ಹೊಗೆಯಲ್ಲಿ ಶೇ 45 ಇಳಿಕೆ, ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧ ಪಾಲು ಕಲ್ಲಿದ್ದಲು, ತೈಲ, ಅನಿಲದ ಹೊರಗಿನದು. ಎರಡನೆಯದನ್ನು 2025ರಲ್ಲೇ ಮುಟ್ಟಿದ್ದೇವೆ. ಅದರಲ್ಲಿ ನಿಮ್ಮ ಜಿಲ್ಲೆಯ ಮಗ್ಗುಲಲ್ಲಿರುವ ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕಿನ ಪಾಲೂ ಇದೆ. ಸುಮಾರು 13,000 ಎಕರೆ ಒಣಭೂಮಿಯನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆದು ಮಾಡಿದ್ದು ಅದು.

ಈ ಸಭೆಗಳಿಂದ ನಿಮ್ಮಂಥ ಊರಿಗೆ ಏನು ಬಂತು ಎಂದಿರಿ. ನಿಮ್ಮ ಜಿಲ್ಲೆಗೇ ಬಂದದ್ದಿದೆ, ಮತ್ತು ಅದು ಬಂದ ಬಗೆ, ಆಮೇಲೆ ಬಾಡಿದ ಬಗೆ, ಎರಡನ್ನೂ ತಿಳಿಯಬೇಕು.

ಬಾಗೇಪಲ್ಲಿಯಲ್ಲಿ 1970ರ ದಶಕದ ಕೊನೆಯಿಂದ ಅಡಾಟ್ಸ್ ಎಂಬ ಸಂಸ್ಥೆ ಕೂಲಿಯವರನ್ನೂ ತುಂಡು ಭೂಮಿಯವರನ್ನೂ ಕೂಡಿಸಿ ಕೆಲಸ ಮಾಡುತ್ತಿತ್ತು. ಅವರ ಒಕ್ಕೂಟಕ್ಕೆ ಹೆಸರು ಬಾಗೇಪಲ್ಲಿ ಕೂಲಿ ಸಂಘ. ಚಿಕ್ಕಬಳ್ಳಾಪುರ ಆಗ ಜಿಲ್ಲೆಯಾಗಿರಲಿಲ್ಲ, ಎಲ್ಲ ಕೋಲಾರದಲ್ಲೇ ಇತ್ತು. ಕೂಲಿ ಸಂಘದ ಹೆಂಗಸರ ದಿನದ ಒಂದು ಭಾಗ ಸೌದೆಗೇ ಹೋಗುತ್ತಿತ್ತು. ಗುಡ್ಡದಲ್ಲಿ ಮುಳ್ಳು, ಪುರಳೆ, ಜಾಲಿ ಕಡಿದು ಹೊರೆ ಹೊತ್ತು ತರಬೇಕು. ಮಳೆಗಾಲದಲ್ಲಿ ಹಸಿ ಸೌದೆ ಊದಿ ಊದಿ ಕಣ್ಣು ಕೆಂಪು, ಗೋಡೆ ಕಪ್ಪು. ಸೀಮೆಎಣ್ಣೆ ರೇಷನ್ನಿನಲ್ಲಿ ಸಿಕ್ಕಷ್ಟು.

ಕ್ಯೋಟೊ ಒಪ್ಪಂದದಲ್ಲಿ ಒಂದು ಕಿಟಕಿ ಇತ್ತು. ಹೊಗೆ ಇಳಿಸಲೇಬೇಕಾದ ಶ್ರೀಮಂತ ದೇಶ ತನ್ನಲ್ಲೇ ಇಳಿಸುವ ಬದಲು ಬಡ ದೇಶದಲ್ಲಿ ಇಳಿಸಿಕೊಡಬಹುದು, ಅಲ್ಲಿ ಉಳಿದ ಪ್ರತಿ ಟನ್ನಿಗೆ ಒಂದು ಪ್ರಮಾಣಪತ್ರ ಕೊಂಡು ತನ್ನ ಖಾತೆಗೆ ಹಾಕಿಕೊಳ್ಳಬಹುದು. ಇದಕ್ಕೆ ಶುದ್ಧ ಅಭಿವೃದ್ಧಿ ವ್ಯವಸ್ಥೆ ಎಂದು ಹೆಸರಿಟ್ಟರು. ಕಾರ್ಬನ್ ಕ್ರೆಡಿಟ್ ಎಂದು ಈಗ ಎಲ್ಲರ ಬಾಯಲ್ಲಿರುವುದು ಇದರಿಂದಲೇ ಹಬ್ಬಿದ್ದು. 2005ರ ಫೆಬ್ರವರಿಯಲ್ಲಿ ಕ್ಯೋಟೊ ಜಾರಿಗೆ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಬಾಗೇಪಲ್ಲಿಯ ಯೋಜನೆ ನೋಂದಣಿಯಾಯಿತು: ಬಾಗೇಪಲ್ಲಿ ಮತ್ತು ಸುತ್ತಲ ತಾಲ್ಲೂಕುಗಳ ಕೂಲಿ ಸಂಘದ ಮನೆಗಳಿಗೆ 5,500 ಗೋಬರ್ ಗ್ಯಾಸ್ ಗುಂಡಿಗಳು. ಆವರೆಗೆ ಜಗತ್ತಿನಲ್ಲಿ ನೋಂದಣಿಯಾಗಿದ್ದವುಗಳಲ್ಲಿ ಕಾರ್ಖಾನೆ, ಜಲವಿದ್ಯುತ್, ಗಾಳಿಯಂತ್ರಗಳ ಯೋಜನೆಗಳಿದ್ದವು. ಹಟ್ಟಿಯ ಹಿಂದಿನ ಸಗಣಿ ಗುಂಡಿ ಆ ಸಾಲಿನಲ್ಲಿ ಕೂತದ್ದು ಸಣ್ಣ ಮಾತಲ್ಲ.

ಗುಂಡಿ ಅಂದರೆ ಎರಡು ಘನ ಮೀಟರಿನದು. ನೆಲದೊಳಗೆ ಇಟ್ಟಿಗೆಯ ಗುಮ್ಮಟ, ಒಂದು ಕಡೆ ಸಗಣಿ ಕಲಸುವ ತೊಟ್ಟಿ, ಇನ್ನೊಂದು ಕಡೆ ಬಗ್ಗಡ ಹೊರಬರುವ ಬಾಯಿ. ಬೆಳಗ್ಗೆ ಎದ್ದು ಸಗಣಿಗೆ ಅಷ್ಟೇ ನೀರು ಹಾಕಿ, ಕಲ್ಲು ಹುಲ್ಲು ತೆಗೆದು, ಕೈಯಲ್ಲೇ ಕಲಸಿ ಬಿಡಬೇಕು. ಗುಮ್ಮಟದಲ್ಲಿ ಗ್ಯಾಸ್ ಕೂಡಿದರೆ ಕೊಳವೆಯಲ್ಲಿ ಒಲೆಗೆ ಬರುತ್ತದೆ. ಉರಿ ನೀಲಿ, ಪಾತ್ರೆ ತಳ ಕಪ್ಪಾಗದು. ಹೊರಗೆ ಬಂದ ಬಗ್ಗಡ ತಿಪ್ಪೆಯ ಗೊಬ್ಬರಕ್ಕಿಂತ ಬೇಗ ಹೊಲಕ್ಕೆ ಒಗ್ಗುತ್ತದೆ. ದನ ಇರುವ ಮನೆಗೆ ಇದು ಸರಿ. ದನ ಮಾರಿದ ಮನೆಯಲ್ಲಿ ಗುಂಡಿ ಒಣಗುತ್ತದೆ, ಬರಗಾಲದಲ್ಲಿ ಕಲಸಲು ನೀರೂ ತುಟ್ಟಿ. ಒಣ ತಾಲ್ಲೂಕಿನ ಈ ಪಾಡು ಕಾಗದದ ಯೋಜನೆಯಲ್ಲಿ ಕಾಣುವುದಿಲ್ಲ.

ಒಂದು ಒಲೆಯಿಂದ ವರ್ಷಕ್ಕೆ ಸುಮಾರು ಮೂರೂವರೆ ಟನ್ ಇಂಗಾಲದ ಡೈಆಕ್ಸೈಡ್ ಉಳಿಯುತ್ತದೆಂದು ಲೆಕ್ಕ. ಮರಳಿ ಚಿಗುರದ ಕಾಡಿನ ಸೌದೆ ಮತ್ತು ಸೀಮೆಎಣ್ಣೆ ಉಳಿದದ್ದರಿಂದ. ಎಲ್ಲ ಸೇರಿ ಇಪ್ಪತ್ತು ಸಾವಿರ ಟನ್ನಿಗೆ ಹತ್ತಿರ. ಹಣ ಬರಬೇಕಾದರೆ ಒಲೆ ನಿಜಕ್ಕೂ ಉರಿಯಿತೆಂದು ತೋರಿಸಬೇಕು. ಯಾರ ಮನೆಯ ಗುಂಡಿ ಎಷ್ಟು ದಿನ ಕೆಟ್ಟು ನಿಂತಿತ್ತು, ಯಾರ ಮನೆಯಲ್ಲಿ ಮತ್ತೆ ಸೌದೆ ಒಲೆ ಹೊತ್ತಿತು ಎಂಬುದನ್ನೆಲ್ಲ ಬರೆದಿಡಬೇಕು. ಆ ಲೆಕ್ಕವನ್ನು ಹೊರಗಿನ ಪರಿಶೋಧಕರು ಬಂದು ಮನೆಮನೆಗೆ ಹೋಗಿ ತಾಳೆ ನೋಡಬೇಕು. ಯುರೋಪಿನ ಹಣಕ್ಕೂ ಬಾಗೇಪಲ್ಲಿಯ ಒಲೆಗೂ ನಡುವಿನ ಸೇತುವೆ ಈ ಲೆಕ್ಕದ ಪುಸ್ತಕವೇ. ಗೋಬರ್ ಗ್ಯಾಸಿನಲ್ಲಿ ಹೆಸರು ಮಾಡಿದ್ದು ಬಾಗೇಪಲ್ಲಿ ಒಂದೇ ಅಲ್ಲ. ಕೋಲಾರದ ಎಸ್‌ಕೆಜಿ ಸಂಘ ಇದೇ ಕೆಲಸಕ್ಕಾಗಿ 2007ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಪಡೆಯಿತು. ಅವಿಭಜಿತ ಕೋಲಾರ ಜಿಲ್ಲೆ ಈ ವಿದ್ಯೆಯಲ್ಲಿ ಬೇರೆಯವರಿಗಿಂತ ಮುಂದಿತ್ತು, ಇದನ್ನು ನಮ್ಮವರೇ ಮರೆತಿದ್ದಾರೆ.

ಆಮೇಲೆ ಏನಾಯಿತು? ಕ್ರೆಡಿಟ್ಟಿನ ಬೆಲೆ ಮುರಿದು ಬಿತ್ತು. 2008ರಲ್ಲಿ ಟನ್ನಿಗೆ 20 ಯುರೋ ದಾಟಿದ್ದದ್ದು 2012ರ ಕೊನೆಗೆ ಒಂದು ಯುರೋ ಸಹ ಇಲ್ಲ. ಯುರೋಪಿನಲ್ಲಿ ಆರ್ಥಿಕ ಕುಸಿತ ಬಂದು ಕಾರ್ಖಾನೆಗಳೇ ನಿಧಾನವಾದವು, ಕೊಳ್ಳುವವರು ಕಡಿಮೆಯಾದರು. 2013ರಿಂದ ಹೊಸ ಯೋಜನೆಗಳ ಕ್ರೆಡಿಟ್ಟನ್ನು ತೀರ ಬಡ ದೇಶಗಳಿಂದ ಮಾತ್ರ ಕೊಳ್ಳುವುದೆಂದು ಅವರು ಬಾಗಿಲು ಹಾಕಿಕೊಂಡರು. ಮಾರುಕಟ್ಟೆಯ ಹೆಸರು ಕೆಡಿಸಿದ್ದು ಮತ್ತೊಂದು. ಫ್ರಿಜ್ಜಿನ ಅನಿಲ ತಯಾರಿಸುವ ಕೆಲವು ರಾಸಾಯನಿಕ ಕಾರ್ಖಾನೆಗಳಲ್ಲಿ ಎಚ್‌ಎಫ್‌ಸಿ-23 ಎಂಬ ಉಪಉತ್ಪನ್ನ ಬರುತ್ತದೆ. ಅದು ಇಂಗಾಲದ ಡೈಆಕ್ಸೈಡಿಗಿಂತ ಹತ್ತು ಸಾವಿರ ಪಟ್ಟಿಗೂ ಮೀರಿ ಬಿಸಿ ಹಿಡಿಯುವಂಥದ್ದು. ಅದನ್ನು ಸುಟ್ಟರೆ ರಾಶಿ ರಾಶಿ ಕ್ರೆಡಿಟ್. ಕ್ರೆಡಿಟ್ಟಿನ ಆಸೆಗೆ ಆ ಅನಿಲವನ್ನೇ ಹೆಚ್ಚು ಉತ್ಪಾದಿಸುತ್ತಿದ್ದಾರೆಂಬ ಆರೋಪ ಬಂತು. ಯುರೋಪ್ 2013ರಲ್ಲಿ ಆ ಕ್ರೆಡಿಟ್ಟುಗಳನ್ನು ನಿಷೇಧಿಸಿತು. ಕಾರ್ಖಾನೆಯವರು ಅಷ್ಟರಲ್ಲಿ ಗಳಿಸಿಯಾಗಿತ್ತು. ಬೆಲೆ ಬಿದ್ದಾಗ ಪೆಟ್ಟು ತಿಂದದ್ದು ಪ್ರಾಮಾಣಿಕವಾಗಿ ಸಗಣಿ ಕಲಸಿದವರು. ಪರಿಶೋಧನೆಯ ಶುಲ್ಕ ಮಾತ್ರ ಇಬ್ಬರಿಗೂ ಒಂದೇ ಧಾಟಿಯದು, ಸಣ್ಣವರಿಗೆ ಅದೇ ಹೊರೆ. ಕ್ಯೋಟೊ ವ್ಯವಸ್ಥೆಯ ಮೇಲೆ ನನ್ನ ದೂರು ಇದೇ.

ಕ್ಯೋಟೊದ ಆ ಕಿಟಕಿ ಮುಚ್ಚಿದೆ. ಪ್ಯಾರಿಸ್ ಒಪ್ಪಂದದ ಆರನೇ ವಿಧಿಯಲ್ಲಿ ಹೊಸದು ತೆರೆದಿದೆ. ಅದರ ನಿಯಮಗಳನ್ನು ಬರೆದು ಮುಗಿಸಲು ಒಂಬತ್ತು ವರ್ಷ ಹಿಡಿಯಿತು, 2024ರಲ್ಲಿ ಬಾಕು ಸಮ್ಮೇಳನದಲ್ಲಿ ಮುಗಿಯಿತು. 2025ರ ಆಗಸ್ಟಿನಲ್ಲಿ ಭಾರತ ಮತ್ತು ಜಪಾನ್ ಇದರಡಿ ಒಪ್ಪಂದ ಮಾಡಿಕೊಂಡಿವೆ. ಈ ಸಲ ಭಾರತಕ್ಕೂ ಸ್ವಂತ ಗುರಿ ಇರುವುದರಿಂದ ಮಾರಿದ ಟನ್ನನ್ನು ನಾವು ನಮ್ಮ ಲೆಕ್ಕದಲ್ಲಿ ಹಿಡಿಯುವಂತಿಲ್ಲ. ಅಗ್ಗಕ್ಕೆ ಸಿಗುವ ಇಳಿಕೆಯನ್ನೆಲ್ಲ ಪರದೇಶಕ್ಕೆ ಮಾರಿದರೆ ಕಷ್ಟದ್ದು ನಮ್ಮ ಪಾಲಿಗೆ ಉಳಿಯುತ್ತದೆ. ನಿಮ್ಮ ಊರಿಗೆ ಯಾರಾದರೂ ಕಾರ್ಬನ್ ಕ್ರೆಡಿಟ್ಟಿನ ಕರಾರುಪತ್ರ ಹಿಡಿದು ಬಂದರೆ, ಈಗ ಬರುತ್ತಿದ್ದಾರೆ, ಮರ ನೆಡಿಸುತ್ತೇವೆ ಬಯೋಗ್ಯಾಸ್ ಹಾಕಿಸುತ್ತೇವೆ ಎಂದು, ಮೊದಲು ಕೇಳಬೇಕಾದ್ದು ಮೂರು: ಎಷ್ಟು ವರ್ಷದ ಕರಾರು, ಬೆಲೆ ಬಿದ್ದರೆ ನಷ್ಟ ಯಾರದು, ಮಾರಿದ ಹಣದಲ್ಲಿ ರೈತನ ಕೈಗೆ ರೂಪಾಯಿಗೆ ಎಷ್ಟು.

ವಾಡಿ–ತೊಂಡೇಬಾವಿಗೆ ಮರಳೋಣ. ಸಿಮೆಂಟಿನಲ್ಲಿ ದೇಶಗಳು ಕೈಜೋಡಿಸಿದ ಒಂದು ಕೆಲಸ ನನಗೆ ಎಲ್ಲ ಘೋಷಣೆಗಳಿಗಿಂತ ಹೆಚ್ಚು ಮೆಚ್ಚು. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿರುವ ತಂತ್ರಜ್ಞಾನ ಸಂಸ್ಥೆಯ ಕರೆನ್ ಸ್ಕ್ರಿವೆನರ್, ಕ್ಯೂಬಾದ ಫೆರ್ನಾಂಡೊ ಮಾರ್ಟಿರೇನಾ, ದೆಹಲಿ ಐಐಟಿಯ ಶಶಾಂಕ್ ಬಿಷ್ಣೋಯಿ, ಇವರ ತಂಡಗಳು, ಜೊತೆಗೆ ಮದ್ರಾಸ್ ಮತ್ತು ಬಾಂಬೆ ಐಐಟಿಗಳು ಸೇರಿ ಎಲ್‌ಸಿ3 ಎಂಬ ಸಿಮೆಂಟನ್ನು ರೂಪಿಸಿದವು. ಹಣದ ಬೆಂಬಲ ಸ್ವಿಸ್ ಸರ್ಕಾರದ ನೆರವು ಸಂಸ್ಥೆಯದು. ಕ್ಯೂಬಾ ಬಡ ದೇಶ, ಕ್ಲಿಂಕರ್ ಸುಡಲು ಇಂಧನ ತುಟ್ಟಿ. ಅವರ ಬಡತನವೇ ಈ ಹುಡುಕಾಟಕ್ಕೆ ಒಂದು ಕಾರಣ. ಎಲ್‌ಸಿ3ಯಲ್ಲಿ ಕ್ಲಿಂಕರ್ ಅರ್ಧ ಮಾತ್ರ. ಶೇ 30 ಸುಟ್ಟ ಜೇಡಿ, ಶೇ 15 ಸುಡದ ಸುಣ್ಣದ ಕಲ್ಲಿನ ಪುಡಿ, ಉಳಿದದ್ದು ಜಿಪ್ಸಮ್. ಜೇಡಿಯನ್ನು 800 ಡಿಗ್ರಿ ಸುಟ್ಟರೆ ಸಾಕು, ಸುಟ್ಟಾಗ ಅದರಿಂದ ಹೋಗುವುದು ನೀರಿನ ಆವಿ. ಸಾಮಾನ್ಯ ಒಪಿಸಿಗಿಂತ ಶೇ 40ರವರೆಗೆ ಇಂಗಾಲ ಕಡಿಮೆ. 2023ರಲ್ಲಿ ಭಾರತೀಯ ಮಾನಕ ಬ್ಯೂರೋ ಇದಕ್ಕೆ ಐಎಸ್ 18189 ಎಂಬ ಮಾನಕವನ್ನೇ ಹೊರಡಿಸಿತು. ಮಾನಕ ಬಂದ ಮೇಲೆ ತಾನೇ ಪಿಡಬ್ಲ್ಯುಡಿ ಎಂಜಿನಿಯರು ಅದನ್ನು ಎಸ್ಟಿಮೇಟಿನಲ್ಲಿ ಬರೆಯುವುದು.

ಪಿಪಿಸಿ ಎಂದು ನೀವು ಕೊಳ್ಳುವ ಚೀಲದಲ್ಲಿ ಈಗಲೇ ಶೇ 35ರವರೆಗೆ ಹಾರುಬೂದಿ ಇರಬಹುದು, ಹಾಗಾಗಿ ಒಪಿಸಿಯ 40 ಕಿಲೋ ಹೊಗೆ ಅಲ್ಲಿ 30ರೊಳಗೆ ಇಳಿದಿರುತ್ತದೆ. ಹಾಗಿದ್ದರೆ ಎಲ್‌ಸಿ3 ಯಾತಕ್ಕೆ ಎನ್ನುತ್ತೀರಿ. ಹಾರುಬೂದಿ ಹುಟ್ಟುವುದು ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಕುಲುಮೆಯಲ್ಲಿ. ದೇಶ ಕಲ್ಲಿದ್ದಲನ್ನು ಬಿಡುತ್ತಾ ಹೋದಂತೆ ಬೂದಿಯೂ ಇಳಿಯುತ್ತದೆ. ಆಗ ಬೆರೆಸಲು ಜೇಡಿಯೇ ಗತಿ. ಇವತ್ತಿನ ಹಸಿರು ಸಿಮೆಂಟು ನಿನ್ನೆಯ ಕಪ್ಪು ಕಲ್ಲಿದ್ದಲಿನ ಮೇಲೆ ನಿಂತಿದೆ ಎಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ.

ಕಾನೂನಿನ ಕಡೆಯಿಂದಲೂ ಒತ್ತಡ ಬರುತ್ತಿದೆ. 2025ರ ಅಕ್ಟೋಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಸಿಮೆಂಟ್, ಅಲ್ಯೂಮಿನಿಯಂ, ಕಾಗದ, ಕ್ಲೋರ್-ಆಲ್ಕಲಿ ಕಾರ್ಖಾನೆಗಳಿಗೆ ಟನ್ ಉತ್ಪನ್ನಕ್ಕೆ ಇಷ್ಟೇ ಹೊಗೆ ಎಂದು ಗುರಿ ಹಾಕಿಕೊಟ್ಟಿತು. ಗುರಿಗಿಂತ ಕೆಳಗಿಳಿದವರಿಗೆ ಮಾರಲು ಪ್ರಮಾಣಪತ್ರ, ಮೀರಿದವರು ಕೊಳ್ಳಬೇಕು. ಯುರೋಪ್ ತನ್ನ ಗಡಿಯಲ್ಲಿ ಹೊರದೇಶದ ಉಕ್ಕು, ಸಿಮೆಂಟ್, ಅಲ್ಯೂಮಿನಿಯಂ, ಗೊಬ್ಬರಗಳ ಮೇಲೆ ಇಂಗಾಲದ ಸುಂಕವನ್ನು 2026ರ ಜನವರಿಯಿಂದ ಜಾರಿ ಮಾಡಿದೆ. ತೊಂಡೇಬಾವಿ ಚೀಲ ಯುರೋಪಿಗೆ ಹೋಗುವುದಿಲ್ಲವಾದ್ದರಿಂದ ನಿಮಗೆ ಅದರ ಬಿಸಿ ನೇರವಾಗಿ ತಟ್ಟದು. ನಮ್ಮ ಉಕ್ಕಿಗೆ ತಟ್ಟುತ್ತದೆ. ಭಾರತ ಇದನ್ನು ಏಕಪಕ್ಷೀಯ ಎಂದು ವಿರೋಧಿಸುತ್ತಿದೆ, ಆ ವಿರೋಧದಲ್ಲಿ ಹುರುಳಿದೆ: ಇನ್ನೂರು ವರ್ಷ ಸುಟ್ಟು ಶ್ರೀಮಂತರಾದವರು ಈಗ ಗಡಿಯಲ್ಲಿ ನಿಂತು ಸುಂಕ ಕೇಳುತ್ತಿದ್ದಾರೆ. ಇವತ್ತಿಗೂ ಭಾರತೀಯನ ತಲಾ ಪಾಲು ವರ್ಷಕ್ಕೆ ಎರಡು ಟನ್ ಇಂಗಾಲದ ಡೈಆಕ್ಸೈಡಿನ ಆಸುಪಾಸು, ಅಮೆರಿಕದವನದು ಅದರ ಆರೇಳು ಪಟ್ಟು.

ಹಣದ ವಿಷಯಕ್ಕೆ ಬಂದರೆ ನಿಮ್ಮ ಸಿಟ್ಟಿಗೆ ನನ್ನ ಒಪ್ಪಿಗೆ ಇದೆ. 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಶ್ರೀಮಂತ ದೇಶಗಳು ಬಡ ದೇಶಗಳಿಗೆ, 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಕೊಡುತ್ತೇವೆಂದರು. ಅದು ಮುಟ್ಟಿದ್ದು 2022ರಲ್ಲಿ, ಅದೂ ಬಹುಪಾಲು ಸಾಲವಾಗಿ. ಬಾಕುವಿನಲ್ಲಿ ಅದನ್ನು 2035ಕ್ಕೆ 30,000 ಕೋಟಿ ಮಾಡಿದರು. ಬಡ ದೇಶಗಳು ಕೇಳಿದ್ದು ಇದರ ನಾಲ್ಕು ಪಟ್ಟಿಗೂ ಮೇಲೆ. ಅಧ್ಯಕ್ಷರ ಒಪ್ಪಿಗೆಯ ಸುತ್ತಿಗೆ ಬಿದ್ದ ಮೇಲೂ ಭಾರತದ ಪ್ರತಿನಿಧಿ ಎದ್ದು ನಿಂತು ಇದನ್ನು ಒಪ್ಪೆವೆಂದು ಹೇಳಿದರು. ಹಾನಿ ಪರಿಹಾರಕ್ಕೆಂದು 2022ರಲ್ಲಿ ಒಪ್ಪಿ, 2023ರಲ್ಲಿ ಶುರು ಮಾಡಿದ ನಿಧಿಗೆ ಬಂದಿರುವ ವಾಗ್ದಾನ ನೂರು ಕೋಟಿ ಡಾಲರನ್ನೂ ಮುಟ್ಟಿಲ್ಲ. 2021ರ ನವೆಂಬರಿನಲ್ಲಿ ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಕೊಯ್ಲಿಗೆ ಬಂದ ರಾಗಿ ಎಡೆಬಿಡದ ಮಳೆಗೆ ನೆಲಕ್ಕೆ ಮಲಗಿ ತೆನೆಯಲ್ಲೇ ಮೊಳಕೆಯೊಡೆದದ್ದನ್ನು ನೀವು ನೋಡಿರಬೇಕು. ಅಂಥ ನಷ್ಟಕ್ಕೆ ಜಗತ್ತಿನ ಆ ನಿಧಿಯಿಂದ ಏನಾದರೂ ಬರುವುದೆಂದು ಕಾಯುವುದು ಬೇಡ.

ಒಪ್ಪಂದ ಮುರಿದವರನ್ನು ಕೇಳುವವರು ಯಾರು? ಯಾರೂ ಇಲ್ಲ. ಕೆರೆಗೆ ನೀರಗಂಟಿ ಇದ್ದ ಹಾಗೆ ಜಗತ್ತಿಗೆ ಒಬ್ಬ ಇಲ್ಲ, ತೂಬು ಯಾರು ಎತ್ತಿದರೂ ತಡೆಯಲು. ಅಮೆರಿಕ ಎರಡನೆಯ ಬಾರಿಗೆ ಪ್ಯಾರಿಸ್ ಒಪ್ಪಂದದಿಂದ ಹೊರಬೀಳುವ ಆದೇಶಕ್ಕೆ 2025ರ ಜನವರಿಯಲ್ಲಿ ಸಹಿಯಾಯಿತು, ದಂಡವೇನೂ ಇಲ್ಲ. ಹಾಗಾದರೆ ಉಳಿದವರು ಏಕೆ ಉಳಿದಿದ್ದಾರೆ? ಬೇರೆಯವರು ಏನು ಮಾಡುತ್ತಿದ್ದಾರೆಂದು ಅಳೆಯಲು ಬರುತ್ತದೆ, ಅದಕ್ಕೆ.

ಅಳತೆಯ ಈ ಮಾತಿಗೆ ಸಾಕ್ಷಿ ನಿಮ್ಮ ತಾಲ್ಲೂಕಿನಲ್ಲೇ ಇದೆ. 1963ರಲ್ಲಿ ಅಣ್ವಸ್ತ್ರ ಪರೀಕ್ಷೆ ತಡೆಯುವ ಒಪ್ಪಂದವಾದಾಗ ಗಾಳಿಯಲ್ಲಿ, ನೀರಿನಲ್ಲಿ, ಬಾಹ್ಯಾಕಾಶದಲ್ಲಿ ಸಿಡಿಸುವುದನ್ನು ನಿಷೇಧಿಸಿದರು. ಭೂಮಿಯೊಳಗಿನದನ್ನು ಬಿಟ್ಟರು. ನೆಲದೊಳಗೆ ಸಿಡಿದದ್ದು ಬಾಂಬೋ ಭೂಕಂಪವೋ ಎಂದು ದೂರದಿಂದ ಹೇಳುವ ವಿಧಾನದ ಮೇಲೆ, ಬಂದು ಪರೀಕ್ಷಿಸುವ ಹಕ್ಕಿನ ಮೇಲೆ ಅವರಿಗೆ ಒಮ್ಮತ ಬರಲಿಲ್ಲ. ಅದನ್ನು ಅಳೆಯಲಿಕ್ಕೆಂದು ಬ್ರಿಟನ್ನಿನ ಪರಮಾಣು ಸಂಸ್ಥೆಯ ಸಹಕಾರದಲ್ಲಿ ಜಗತ್ತಿನ ನಾಲ್ಕು ಕಡೆ ಭೂಕಂಪಮಾಪಕಗಳ ಜಾಲ ಹಾಕಿದರು: ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೊನೈಫ್, ಆಸ್ಟ್ರೇಲಿಯಾದ ವಾರಮುಂಗಾ, ಮತ್ತು ಗೌರಿಬಿದನೂರು. 1965ರಲ್ಲಿ ಗೌರಿಬಿದನೂರಿನದು ಶುರುವಾಯಿತು, ಈಗ ಭಾಭಾ ಪರಮಾಣು ಸಂಶೋಧನಾ ಕೇಂದ್ರ ನಡೆಸುತ್ತಿದೆ. ನಮ್ಮ ಈ ಗಟ್ಟಿ ಕಗ್ಗಲ್ಲಿನ ನೆಲ ಸದ್ದಿಲ್ಲದ್ದು. ಸಾವಿರಾರು ಕಿಲೋಮೀಟರ್ ಆಚೆಯ ಸ್ಫೋಟದ ನಡುಕ ಇಲ್ಲಿನ ಬಂಡೆಗೆ ತಲುಪುತ್ತದೆ. ಶತ್ರು ದೇಶಗಳು ಪರಸ್ಪರರ ಮಾತು ನಂಬದಿದ್ದರೂ ಮಾಪಕವನ್ನು ನಂಬಬಹುದು ಎನ್ನುವುದು ಅಲ್ಲಿಂದ ಬಂದ ಪಾಠ. ಇಂಗಾಲದಲ್ಲೂ ಈಗ ಅದೇ ಹಾದಿ. ಉಪಗ್ರಹಗಳು ಮೀಥೇನ್ ಸೋರಿಕೆ ಹಿಡಿಯುತ್ತಿವೆ, ಪ್ಯಾರಿಸ್ ನಿಯಮದಂತೆ ದೇಶಗಳು ಎರಡು ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಬೇಕು, ಬೇರೆ ದೇಶದ ಪರಿಣತರು ಅದನ್ನು ಕೆದಕಿ ಪ್ರಶ್ನೆ ಕೇಳಬೇಕು.

ಒಪ್ಪಂದದಿಂದ ಕೆಲಸವೇ ಆಗುವುದಿಲ್ಲ ಎನ್ನುವವರಿಗೆ ಓಝೋನ್ ಪದರದ ಕತೆ ಸಾಕು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್‌ನಲ್ಲಿ ಸಹಿಯಾದ ಒಪ್ಪಂದಕ್ಕೆ ಜಗತ್ತಿನ ಎಲ್ಲ ದೇಶಗಳೂ ಸೇರಿದವು. ಬಡ ದೇಶಗಳ ಕಾರ್ಖಾನೆ ಬದಲಾಯಿಸಲು ನಿಧಿಯಿತ್ತು, ಆ ನಿಧಿಗೆ ನಿಜವಾಗಿ ಹಣ ಬಂತು. ಪದರ ಚೇತರಿಸುತ್ತಿದೆ. ಅಲ್ಲಿ ಅಳೆಯಬೇಕಿದ್ದದ್ದು ಬೆರಳೆಣಿಕೆಯ ಕಾರ್ಖಾನೆಗಳ ಕೆಲವೇ ಅನಿಲ. ಇಲ್ಲಿ ವಾಡಿಯ ಗೂಡಿನಿಂದ ಬಾಗೇಪಲ್ಲಿಯ ಒಲೆಯವರೆಗೆ ಎಲ್ಲವೂ. 2024 ಇಡೀ ವರ್ಷದ ಸರಾಸರಿ ಬಿಸಿ ಕೈಗಾರಿಕಾ ಯುಗಕ್ಕೆ ಮುಂಚಿನದಕ್ಕಿಂತ ಒಂದೂವರೆ ಡಿಗ್ರಿಗೂ ಮೇಲೆ ಇತ್ತೆಂದು ವಿಶ್ವ ಹವಾಮಾನ ಸಂಸ್ಥೆ ಹೇಳಿದೆ. ಹಾಗಾಗಿ ಸಮ್ಮೇಳನಗಳು ಸೋತಿವೆಯೇ ಎಂದರೆ, ತಡವಾಗಿವೆ ಎನ್ನುತ್ತೇನೆ. ಅವು ಇಲ್ಲದೆ ಇದ್ದಿದ್ದರೆ ಈ ಶತಮಾನದ ಕೊನೆಗೆ ನಾಲ್ಕು ಡಿಗ್ರಿ ಏರಿಕೆಯ ಭಯವಿತ್ತು. ಈಗ ದೇಶಗಳು ಕೊಟ್ಟ ಮಾತಿನಂತೆ ನಡೆದರೆ ಎರಡೂವರೆಯ ಆಸುಪಾಸು ಎಂದು ವಿಶ್ವಸಂಸ್ಥೆಯ ಅಂದಾಜು. ಶಿಡ್ಲಘಟ್ಟದ ರೇಷ್ಮೆ ಹುಳಕ್ಕೆ ಬಿಸಿ ಹೆಚ್ಚಾದರೆ ಸೊಪ್ಪು ಸೇರುವುದಿಲ್ಲ, ಅದರ ಮಟ್ಟಿಗೆ ಒಂದೂವರೆ ಡಿಗ್ರಿಯ ವ್ಯತ್ಯಾಸ ಸಣ್ಣದಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನಿಮ್ಮ ಕೈಯಳತೆಯಲ್ಲಿರುವ ಒಂದು ಮಾತು. ಮನೆ ಕಟ್ಟುವವರು ಇಟ್ಟಿಗೆ ಕೆಲಸಕ್ಕೂ ಗಾರೆಗೂ ಪಿಪಿಸಿ ತರಿಸಿದರೆ ಚೀಲಕ್ಕೆ ಹತ್ತು ಕಿಲೋಗೂ ಮೇಲೆ ಹೊಗೆ ಉಳಿಯುತ್ತದೆ, ಒಪಿಸಿಗಿಂತ ಹೆಚ್ಚು ದುಡ್ಡನ್ನೂ ಕೊಡಬೇಕಿಲ್ಲ. ಬೂದಿ ಬೆರೆತದ್ದು ಗಟ್ಟಿಯಲ್ಲ ಎಂದು ಮೇಸ್ತ್ರಿ ಗೊಣಗುತ್ತಾರೆ. ಗಟ್ಟಿಯೇ, ಗಡುಸಾಗಲು ತುಸು ನಿಧಾನ ಅಷ್ಟೇ. ಒಪಿಸಿ ಕಾಂಕ್ರೀಟಿಗೆ ಏಳು ದಿನ ನೀರು ಕಟ್ಟಿದರೆ ನಡೆಯುತ್ತದೆ, ಬೂದಿ ಬೆರೆತ ಸಿಮೆಂಟಿಗೆ ಕನಿಷ್ಠ ಹತ್ತು ದಿನ ಎಂದು ಐಎಸ್ 456 ಹೇಳುತ್ತದೆ. ಎಂಟನೇ ದಿನಕ್ಕೆ ಕ್ಯೂರಿಂಗ್ ನಿಲ್ಲಿಸಿ ಸಿಮೆಂಟನ್ನು ಬೈಯಬೇಡಿ.